ಸಹಾಯ ಬೇಕು: ಎರಡು ಊರುಗಳ ಸರ್ವರ್‌ಗಳಿಗೆ ಮ್ಯಾಕ್ಸ್‌ಸ್ಕೇಲ್ ಮಾನಿಟರ್

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯ ಪತ್ತಿನ ಸಹಕಾರ ಸಂಘವೊಂದರ ಮರಿಯಾಡಿಬಿ ಡೇಟಾಬೇಸ್ ಸರ್ವರ್‌ಗಳನ್ನು ನೋಡಿಕೊಳ್ಳುತ್ತೇನೆ. ಮುಖ್ಯ ಸರ್ವರ್ ಮತ್ತು ಒಂದು ರೆಪ್ಲಿಕಾ (ಅದರ ನಕಲನ್ನು ಇಟ್ಟುಕೊಳ್ಳುವ ಸರ್ವರ್) ಬಾಗಲಕೋಟೆಯ ನವನಗರದಲ್ಲಿವೆ, ಇನ್ನೊಂದು ರೆಪ್ಲಿಕಾ ಬೆಳಗಾವಿಯಲ್ಲಿದೆ. ಎರಡೂ ಊರುಗಳಲ್ಲಿ ಒಂದೊಂದು ಮ್ಯಾಕ್ಸ್‌ಸ್ಕೇಲ್ ಇದೆ; ಇದರ ಮಾನಿಟರ್ ಭಾಗವು ಸರ್ವರ್‌ಗಳನ್ನು ಗಮನಿಸುತ್ತಾ, ಮುಖ್ಯ ಸರ್ವರ್ ನಿಂತರೆ ರೆಪ್ಲಿಕಾವನ್ನು ಆ ಜಾಗಕ್ಕೇರಿಸುತ್ತದೆ. ಜಿಟಿಐಡಿ (ಪ್ರತಿ ವ್ಯವಹಾರಕ್ಕೆ ಸಿಗುವ ಗುರುತು ಸಂಖ್ಯೆ) ಸರಿಯಾಗಿದೆ, ಮಾನಿಟರ್ ಬಳಕೆದಾರನಿಗೆ ಬೇಕಾದ ಅನುಮತಿಗಳನ್ನೂ ಕೊಟ್ಟಾಗಿದೆ.

ತೊಂದರೆ ಇರುವುದು ಊರುಗಳ ನಡುವಿನ ಸಂಪರ್ಕದಲ್ಲಿ. ಅದು ಕಡಿದಾಗ ಬೆಳಗಾವಿಯ ಮಾನಿಟರ್‌ಗೆ ಪಕ್ಕದ ಸರ್ವರ್ ಒಂದೇ ಕಾಣುತ್ತದೆ. ಇಂಥ ಬದಲಾವಣೆ ಮಾಡುವ ಅಧಿಕಾರ ಪಡೆಯಲು ಮಾನಿಟರ್ ಬಹುಪಾಲು ಸರ್ವರ್‌ಗಳಲ್ಲಿ ಲಾಕ್ ಹಿಡಿಯಬೇಕು. ಈ ಲಾಕ್ ನಿಯಮವನ್ನು ‘ಮೆಜಾರಿಟಿ ಆಫ್ ರನ್ನಿಂಗ್’ (ಚಾಲನೆಯಲ್ಲಿ ಕಾಣುವವುಗಳ ಬಹುಮತ) ಎಂದಿಟ್ಟರೆ ಆ ಒಂದೇ ಸರ್ವರ್ ಬಹುಮತವೆನಿಸಿ ಮುಖ್ಯ ಸ್ಥಾನಕ್ಕೇರುತ್ತದೆ. ಆಗ ಒಬ್ಬ ರೈತರ ಸಾಲದ ಖಾತೆಗೆ ಎರಡು ಕಡೆ ಎರಡು ಬಾಕಿ ಮೊತ್ತ. ಇದನ್ನು ನಾನು ಒಪ್ಪಲಾರೆ. ‘ಮೆಜಾರಿಟಿ ಆಫ್ ಆಲ್’ (ಎಲ್ಲ ಸರ್ವರ್‌ಗಳ ಬಹುಮತ) ಎಂದಿಟ್ಟರೆ ಮೂರರಲ್ಲಿ ಎರಡು ಲಾಕ್ ಸಿಗಲೇಬೇಕು. ಆದರೆ ನವನಗರದಲ್ಲಿ ವಿದ್ಯುತ್ ಹೋಗಿ ಎರಡೂ ನಿಂತರೆ ಬೆಳಗಾವಿ ತಾನಾಗಿ ಹೊಣೆ ಹೊರುವುದಿಲ್ಲ.

ನವನಗರದ ರೆಪ್ಲಿಕಾವನ್ನು ವಿಜಯಪುರದ ಶಾಖೆಗೆ ಸಾಗಿಸುವುದೇ ಸರಿಯಾದ ದಾರಿಯೆಂದು ನನಗೆ ತೋರುತ್ತದೆ; ಆಗ ನವನಗರ ನಿಂತರೂ ಬೆಳಗಾವಿಗೆ ಎರಡು ಲಾಕ್ ಸಿಗುತ್ತವೆ. ಹೀಗೆ ಮೂರು ಊರುಗಳಲ್ಲಿ ನಡೆಸಿದವರು ಇದ್ದೀರಾ? ಮಾನಿಟರ್ ತಪಾಸಣೆ 2 ಸೆಕೆಂಡಿಗೊಮ್ಮೆ, ಫೇಲ್‌ಕೌಂಟ್ (ಮುಖ್ಯ ಸರ್ವರ್ ಸತತ ಎಷ್ಟು ತಪಾಸಣೆಗೆ ಸಿಗದಿದ್ದರೆ ಬದಲಾವಣೆ ಮಾಡಬೇಕೆಂಬ ಸಂಖ್ಯೆ) 5 ಇದೆ; ಇಂಥ ಸಂಪರ್ಕಕ್ಕೆ ನೀವು ಫೇಲ್‌ಕೌಂಟನ್ನು ಎಷ್ಟಕ್ಕೆ ಏರಿಸಿದ್ದೀರಿ? ಮಾರ್ಚ್ ಕೊನೆಯ ವಸೂಲಿ ಗಡಿಬಿಡಿಗೆ ಮುನ್ನ ಇದನ್ನು ಮುಗಿಸಬೇಕಾಗಿದೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.