ವಾಲ್ಯೂಮ್ ಎಲ್ಲಿ ತಗ್ಗಿಸಬೇಕು: ಕಂಪ್ಯೂಟರ್‌ನಲ್ಲೋ, ಆಂಪ್ಲಿಫೈಯರ್‌ನಲ್ಲೋ?

ಪ್ರಶ್ನೆ: ಕಂಪ್ಯೂಟರ್‌ನಿಂದ ಡ್ಯಾಕ್ (ಡಿಜಿಟಲ್ ಸದ್ದನ್ನು ಅನಲಾಗ್ ಸಿಗ್ನಲ್ ಮಾಡುವ ಸಾಧನ), ಅಲ್ಲಿಂದ ಆಂಪ್ಲಿಫೈಯರ್. ಆಂಪ್ಲಿಫೈಯರ್ ಗುಂಡಿಯನ್ನು ತುಸು ತಿರುಗಿಸಿದರೂ ಸದ್ದು ಜೋರು. ತೀರಾ ಮೆಲ್ಲಗಿಟ್ಟರೆ ಹಾಡು ಎಡಕ್ಕೆ ವಾಲುತ್ತದೆ. ಕಂಪ್ಯೂಟರ್‌ನಲ್ಲೇ ತಗ್ಗಿಸಿದರೆ ಗುಣಮಟ್ಟ ಹಾಳಾಗುತ್ತದೆ ಅನ್ನುತ್ತಾರೆ. ತಿಳಿದವರು ದಾರಿ ಹೇಳಿ.

ಉತ್ತರ: ವಾಲುವುದಕ್ಕೆ ಕಾರಣ ಬಹುಪಾಲು ಆಂಪ್ಲಿಫೈಯರ್‌ನ ಪಾಟ್, ಅಂದರೆ ವಾಲ್ಯೂಮ್ ಗುಂಡಿಯ ಹಿಂದಿನ ಬದಲಾಗುವ ರೆಸಿಸ್ಟರ್ (ಪೊಟೆನ್ಶಿಯೋಮೀಟರ್). ಅದರೊಳಗೆ ಒಂದೇ ದಂಡಕ್ಕೆ ಎರಡು ಕಾರ್ಬನ್ ಪಟ್ಟಿಗಳಿರುತ್ತವೆ. ಶುರುವಿನ ತುದಿಯಲ್ಲಿ ಅವೆರಡೂ ಸಮ ಬರುವುದು ಅಪರೂಪ. ಮೊದಲು ಆಂಪ್ಲಿಫೈಯರ್‌ಗೆ ಬರುವ ಎಡ-ಬಲ ಕೇಬಲ್‌ಗಳನ್ನು ಅದಲುಬದಲು ಮಾಡಿ. ಆಗಲೂ ಎಡಕ್ಕೇ ವಾಲಿದರೆ ತೊಂದರೆ ಆಂಪ್ಲಿಫೈಯರ್‌ನಿಂದ ಮುಂದೆ ಇದೆ. ಆಮೇಲೆ 100 ಹರ್ಟ್ಸ್‌ನ ಮೋನೋ ಟೋನ್ (ಎರಡೂ ಕಡೆ ಒಂದೇ ಸಮನಾದ ಸದ್ದು) ಹಾಕಿ, ಎರಡೂ ಸ್ಪೀಕರ್ ಟರ್ಮಿನಲ್‌ಗಳಲ್ಲಿ ಮಲ್ಟಿಮೀಟರ್‌ನಿಂದ ಎಸಿ ವೋಲ್ಟೇಜ್ ನೋಡಿ. ಒಂದು ಕಡೆ 12% ಹೆಚ್ಚಿದ್ದರೆ ಸುಮಾರು 1 ಡೆಸಿಬೆಲ್ ವ್ಯತ್ಯಾಸ. ಗುಂಡಿ ಮೇಲೇರಿಸಿದಂತೆ ಈ ಅಂತರ ಕರಗಿದರೆ ತಪ್ಪು ಪಾಟ್‌ನದೇ.

ಇನ್ನೊಬ್ಬರು: ಡಿಜಿಟಲ್ ವಾಲ್ಯೂಮ್ ಬಗ್ಗೆ ಇರುವ ಭಯ ಹಳೆಯ 16 ಬಿಟ್ ಕಾಲದ್ದು. 6 ಡೆಸಿಬೆಲ್ ಇಳಿಸಿದರೆ ಒಂದು ಬಿಟ್ (ಸದ್ದಿನ ಮಟ್ಟವನ್ನು ಬರೆಯುವ ಡಿಜಿಟಲ್ ಅಂಕಿ) ಹೋಗುತ್ತದೆ, ನಿಜ. ಆದರೆ ಔಟ್‌ಪುಟ್ 24 ಬಿಟ್‌ಗೆ ಇಟ್ಟಿದ್ದರೆ 16 ಬಿಟ್ ಹಾಡಿನ ಕೆಳಗೆ 8 ಬಿಟ್ ಖಾಲಿ ಇರುತ್ತವೆ; 48 ಡೆಸಿಬೆಲ್ ಇಳಿಸುವ ತನಕ ಹಾಡಿನ ಬಿಟ್ ಉದುರುವುದಿಲ್ಲ. ನಿಜವಾದ ಮಿತಿ ಡ್ಯಾಕ್‌ನ ಅನಲಾಗ್ ಗದ್ದಲ. ನೀವು ಎಷ್ಟು ಇಳಿಸಿದರೂ ಅದು ಇದ್ದಲ್ಲೇ ಇರುತ್ತದೆ, ಹಾಡು ಮಾತ್ರ ಅದರ ಹತ್ತಿರಕ್ಕೆ ಇಳಿಯುತ್ತದೆ. 20-30 ಡೆಸಿಬೆಲ್ ಒಳಗೆ ಇಳಿಸಿ, ಚಿಂತೆ ಬೇಡ. ಆದರೆ ಆಂಪ್ಲಿಫೈಯರ್ ಪೂರ್ತಿ ತೆರೆದಿಟ್ಟು ಕಂಪ್ಯೂಟರ್‌ನಲ್ಲಷ್ಟೇ ತಗ್ಗಿಸುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಡ್ರೈವರ್ ರೀಸೆಟ್ ಆಗಿ ವಾಲ್ಯೂಮ್ 100%ಕ್ಕೆ ಹಾರಿದರೆ ಟ್ವೀಟರ್ (ಸ್ಪೀಕರ್‌ನಲ್ಲಿ ತಾರ ಸ್ವರ ನುಡಿಸುವ ಭಾಗ) ಸುಟ್ಟೇ ಹೋಗಬಹುದು.

ಪ್ರಶ್ನೆ ಕೇಳಿದವರು: ಡ್ಯಾಕ್ ಔಟ್‌ಪುಟ್ 2 ವೋಲ್ಟ್, ಆಂಪ್ಲಿಫೈಯರ್ ಇನ್‌ಪುಟ್ 47 ಕಿಲೋಓಮ್.

ಉತ್ತರ: ಹಾಗಾದರೆ ನಡುವೆ 10 ಡೆಸಿಬೆಲ್ ಪ್ಯಾಡ್ (ಸಿಗ್ನಲ್ ತಗ್ಗಿಸುವ ಎರಡು ರೆಸಿಸ್ಟರ್‌ಗಳ ಜೋಡಣೆ) ಹಾಕಿ, ಗುಂಡಿ ತಾನಾಗಿ ಮೇಲಿನ ಜಾಗಕ್ಕೆ ಬರುತ್ತದೆ. ಪ್ರತಿ ಚಾನೆಲ್‌ಗೆ ಸಿಗ್ನಲ್ ತಂತಿಯಲ್ಲಿ ಸೀರೀಸ್ ಆಗಿ 6.8 ಕಿಲೋಓಮ್, ಅದರಾಚೆ ಆಂಪ್ಲಿಫೈಯರ್ ಬದಿಯಲ್ಲಿ ಸಿಗ್ನಲ್‌ನಿಂದ ಗ್ರೌಂಡ್‌ಗೆ 3.3 ಕಿಲೋಓಮ್. 1% ಮೆಟಲ್ ಫಿಲ್ಮ್, ಕಾಲು ವಾಟ್ ಸಾಕು. ನಿಮ್ಮ 47 ಕಿಲೋಓಮ್ ಸೇರಿಸಿ ಲೆಕ್ಕ ಹಾಕಿದರೂ 10 ಡೆಸಿಬೆಲ್ ಆಸುಪಾಸೇ ಬರುತ್ತದೆ. ಪ್ಯಾಡ್ ಆಂಪ್ಲಿಫೈಯರ್ ಕಡೆಯ ಪ್ಲಗ್‌ನಲ್ಲೇ ಇರಲಿ. ಇದೇ ಕೆಲಸದ ರೆಡಿಮೇಡ್ ಆರ್‌ಸಿಎ ಪ್ಲಗ್ ಅಟೆನ್ಯೂಯೇಟರ್ ಕೂಡ ಸಿಗುತ್ತದೆ.

ಮತ್ತೊಬ್ಬರು: ಪ್ಯಾಡ್ ಬದಲು ಪ್ಯಾಸಿವ್ ವಾಲ್ಯೂಮ್ ಡಬ್ಬಿ (ವಿದ್ಯುತ್ ಬೇಡದ, ಪಾಟ್ ಮಾತ್ರ ಇರುವ ಡಬ್ಬಿ) ತರುವ ಯೋಚನೆ ಇದ್ದರೆ ಪಾಟ್‌ನ ಬೆಲೆ ನೋಡಿ, ಅಂದರೆ ಓಮ್ ಬೆಲೆ. 50 ಕಿಲೋಓಮ್ ಪಾಟ್ 6 ಡೆಸಿಬೆಲ್ ಇಳಿದ ಜಾಗದಲ್ಲಿ 12.5 ಕಿಲೋಓಮ್ ಔಟ್‌ಪುಟ್ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) ತೋರಿಸುತ್ತದೆ. ಮುಂದಿನ ಕೇಬಲ್‌ನ ಕೆಪಾಸಿಟೆನ್ಸ್ 500 ಪಿಕೋಫ್ಯಾರಡ್ ಇದ್ದರೆ 20 ಕಿಲೋಹರ್ಟ್ಸ್‌ನಲ್ಲಿ ಸುಮಾರು 2 ಡೆಸಿಬೆಲ್ ಕುಸಿತ. 10 ಕಿಲೋಓಮ್ ಪಾಟ್, ಚಿಕ್ಕ ಕೇಬಲ್ ಆದರೆ ಈ ತಂಟೆ ಇಲ್ಲ.

ಗುಂಡಿ ತಿರುಗಿಸುವಾಗ ಕರಕರ ಸದ್ದು ಬಂದರೆ, ಪ್ಲಗ್ ಕಿತ್ತು, ಪ್ಲಾಸ್ಟಿಕ್‌ಗೆ ಹಾನಿ ಮಾಡದ ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಹನಿ ಬಿಟ್ಟು ಇಪ್ಪತ್ತು ಮೂವತ್ತು ಸಲ ತಿರುಗಿಸಿ. ಸ್ವಲ್ಪ ದಿನಕ್ಕೇ ಮರಳಿ ಬಂದರೆ ಪಾಟ್ ಮೇಲೆ ಡಿಸಿ (ನೇರ ವಿದ್ಯುತ್) ಬೀಳುತ್ತಿದೆಯೇ ನೋಡಿ. ಪಾಟ್‌ಗೆ ಮುಂಚಿನ, ಡಿಸಿ ತಡೆಯಬೇಕಾದ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿರಬಹುದು.