ಮಗನ "ತೋಲಿ ಲೊಟ್ಟಿ" ಕೇಳಿ ಎಲ್ಲರೂ ನಗುತ್ತಾರೆ. ನಗಬಹುದಾ, ತಿದ್ದಬೇಕಾ?

ಸಂತೆಕಟ್ಟೆಯ ಅಮ್ಮ ಕೇಳಿದ್ದು:

ನಮಸ್ಕಾರ. ನಮ್ಮದು ಉಡುಪಿ ಹತ್ತಿರ ಸಂತೆಕಟ್ಟೆ. ಮಗನಿಗೆ ಮೂರು ವರ್ಷ ದಾಟಿತು. ಮಾತಿಗೇನೂ ಕಮ್ಮಿ ಇಲ್ಲ. ಬೆಳಿಗ್ಗೆ ಎದ್ದಲ್ಲಿಂದ ರಾತ್ರಿ ಮಲಗುವ ತನಕ ಪಟಪಟ. ಆದರೆ ಕ ಬರುವುದಿಲ್ಲ, ತ ಆಗುತ್ತದೆ. ರ ಇದ್ದಲ್ಲೆಲ್ಲ ಲ. ಕಾರು ತಾಲು. ರಿಕ್ಷಾ ಲಿಚ್ಚ. ಚಿಕ್ಕಪ್ಪ ಚಿತ್ತಪ್ಪ. ರಥಬೀದಿಯಲ್ಲಿ ತೇರು ನೋಡಿ "ತಿಟ್ಟನ ತೇಲು" ಅಂತ ಕೈ ಮುಗಿದಾಗ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಅವನ ಗಲ್ಲ ಹಿಂಡಿ ಹೋದರು.

ಈಗ ಮನೆಯಲ್ಲಿ ಒಬ್ಬೊಬ್ಬರದ್ದು ಒಂದೊಂದು ನಮೂನೆ. ಅತ್ತೆ ಅವನ ಭಾಷೆಯಲ್ಲೇ ಮಾತಾಡುತ್ತಾರೆ. "ಬಾ ಮಗಾ, ತಾಲಲ್ಲಿ ಹೋಗುವ" ಅನ್ನುತ್ತಾರೆ. ಅವನಿಗೆ ಸಿಟ್ಟು ಬರುತ್ತದೆ. "ತಾಲು ಅಲ್ಲ ಅಜ್ಜಿ, ತಾಲು!" ಅಂತ ಕಾಲು ನೆಲಕ್ಕೆ ಬಡಿಯುತ್ತಾನೆ. ಇವರು ಪೂರ್ತಿ ಉಲ್ಟಾ. ಎದುರಿಗೆ ಕೂರಿಸಿಕೊಂಡು "ನನ್ನ ಬಾಯಿ ನೋಡು, ಕಾ... ಕಾ... ಕಾರು" ಅಂತ ಹೇಳಿಕೊಡುತ್ತಾರೆ. ಮಗ ಕಣ್ಣು ಮಿಟುಕಿಸದೆ ಬಾಯಿ ನೋಡಿ, ಕೊನೆಗೆ "ತಾ" ಅನ್ನುತ್ತಾನೆ.

ಇನ್ನು ಮೈದುನ. ಕಳೆದ ಆದಿತ್ಯವಾರ ನೆಂಟರು ಬಂದಿದ್ದರು, ಕೋರಿ ರೊಟ್ಟಿ ಮಾಡಿದ್ದೆ. ಇವನಿಗೆ ರೊಟ್ಟಿ ಸಾರಿನಲ್ಲಿ ನೆನೆದರೆ ಆಗುವುದಿಲ್ಲ, ಕರುಂ ಕುರುಂ ಅನ್ನುವಾಗಲೇ ಬೇಕು. ಮೈದುನ ಒಂದು ತುಂಡು ಮೇಲೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮೊಬೈಲ್ ಆನ್ ಮಾಡಿ, "ಇದೆಂತ ಹೇಳು, ಹೇಳಿದ್ರೆ ಕೊಡ್ತೇನೆ" ಅಂದ. ಮಗ "ತೋಲಿ ಲೊಟ್ಟಿ" ಅಂದ. "ಎಂತ? ಲೊಟ್ಟೆಯಾ?" ಅಂತ ಎಲ್ಲರೂ ಹೋ ಎಂದು ನಕ್ಕರು. (ಘಟ್ಟದ ಮೇಲಿನವರಿಗೆ: ನಮ್ಮಲ್ಲಿ ಲೊಟ್ಟೆ ಅಂದರೆ ಸುಳ್ಳು.) ಇನ್ನೊಮ್ಮೆ ಹೇಳಿಸಿದರು. ಮತ್ತೊಮ್ಮೆ. ರೊಟ್ಟಿ ಮಾತ್ರ ಕೆಳಗೆ ಬರಲೇ ಇಲ್ಲ. ವಿಡಿಯೋ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹೋಯಿತು. ದುಬೈಯಿಂದ, ಬೊಂಬಾಯಿಯಿಂದ ನಗುವ ಮುಖಗಳು ಬಂದವು.

ಕೇಳಲಿಕ್ಕೆ ಚಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಅಂದಿನಿಂದ ಯಾರಾದರೂ ಬಂದರೆ ಮಗ ಬಾಯಿ ಬಿಡುವುದಿಲ್ಲ. ಬೇಕಾದ್ದಕ್ಕೆ ಬೆರಳು ತೋರಿಸಿ "ಅದು" ಅನ್ನುತ್ತಾನೆ. ಅಡುಗೆಮನೆಯಲ್ಲಿ ನನ್ನ ಹತ್ತಿರ ಮಾತ್ರ ಮೊದಲಿನ ಹಾಗೆಯೇ. ತಿದ್ದಬೇಕಾ, ಸುಮ್ನೆ ಬಿಡಬೇಕಾ, ಡಾಕ್ಟ್ರಿಗೆ ತೋರಿಸಬೇಕಾ? ಗೊತ್ತಿದ್ದವರು ಹೇಳಿ.

ಹೆಬ್ರಿ ಅಜ್ಜಿ:

ಈಗಿನವರಿಗೆ ಹೆದರಿಕೆ ಜಾಸ್ತಿ. ಮಕ್ಕಳು ತೊದಲದೆ ಮತ್ತೆ ಯಾರು ತೊದಲುವುದು ಮಾರಾಯ್ತಿ? ದೇವರಿಗೆ ಚಾಮಿ, ಅನ್ನಕ್ಕೆ ಮಮ್ಮು, ನಿದ್ದೆಗೆ ತಾಚಿ ಅಂತ ಹೇಳಿಕೊಡುವುದು ನಾವೇ ಅಲ್ವಾ? ಹಾಗೆ ಕಲಿತವರು ಯಾರಾದರೂ ದೊಡ್ಡವರಾದ ಮೇಲೆ ಮಠಕ್ಕೆ ಹೋಗಿ "ಚಾಮಿ" ಅಂದದ್ದು ಉಂಟಾ? ನನ್ನ ಮಗಳು ಬಸ್ಸಿಗೆ "ಪಚ್ಚು" ಅನ್ನುತ್ತಿದ್ದಳು, ಈಗ ಕೋರ್ಟಿನಲ್ಲಿ ವಾದ ಮಾಡುತ್ತಾಳೆ. ಬೇಕಾದರೆ ಬಜೆ ತೇದು ಜೇನುತುಪ್ಪದಲ್ಲಿ ನಾಲಿಗೆಗೆ ಸ್ವಲ್ಪ ನೆಕ್ಕಿಸು. ಆ ಮೈದುನನಿಗೆ ಮಾತ್ರ ಎರಡು ಬೈ. ತಿನ್ನುವ ವಸ್ತು ಎತ್ತಿ ಹಿಡಿದು ಮಗುವನ್ನು ಕುಣಿಸುವುದು ಎಂತ ತಮಾಷೆ?

ಸ್ಪೀಚ್ ಥೆರಪಿಸ್ಟ್, ಮಂಗಳೂರು:

ಮೊದಲು ಬಜೆಯ ವಿಷಯ. ಬೇಡ. ನಾಲಿಗೆಗೆ ಖಾರ ತಾಗಿಸಿದರೆ ಕ ಬರುವುದಿಲ್ಲ. ಬಜೆ ಬದಲು ಗೋಳಿಬಜೆ ಕೊಡಿ, ಮಗುವಿಗೆ ಖುಷಿಯಾದರೂ ಆಗುತ್ತದೆ. ಅಜ್ಜಿ, ಸಿಟ್ಟು ಮಾಡಬೇಡಿ. ಚಾಮಿ, ಮಮ್ಮು ವಿಷಯದಲ್ಲಿ ನಿಮ್ಮ ಮಾತೇ ಸರಿ. ಅವು ಮಕ್ಕಳ ಬಾಯಿಗೆ ಸುಲಭ ಅಂತ ದೊಡ್ಡವರೇ ಮಾಡಿಟ್ಟ ಪದಗಳು. ರಾಗ ಎಳೆದು, ನಿಧಾನವಾಗಿ ಮುದ್ದು ಮಾಡಿ ಮಾತಾಡುವುದರಿಂದಲೂ ಮಗುವಿಗೆ ಲಾಭವೇ.

ಪ, ಬ, ಮ ತುಟಿಯಲ್ಲಿ ಆಗುವ ಅಕ್ಷರಗಳು. ಕಣ್ಣಿಗೆ ಕಾಣುತ್ತವೆ, ಬೇಗ ಬರುತ್ತವೆ. ಕ, ಗ ಹೇಳಬೇಕಾದರೆ ನಾಲಿಗೆಯ ಹಿಂಭಾಗ ಮೇಲೆ ಏಳಬೇಕು. ಅದು ಬಾಯಿಯ ಒಳಗೆ ನಡೆಯುವ ಕೆಲಸ. ನಿಮ್ಮ ಯಜಮಾನರ ಬಾಯಿ ಎಷ್ಟು ಹೊತ್ತು ನೋಡಿದರೂ ಮಗುವಿಗೆ ಎಂತದೂ ಕಾಣುವುದಿಲ್ಲ. ಹಾಗಾಗಿ ನಾಲಿಗೆಯ ತುದಿಯಲ್ಲೇ ತ ಹೇಳಿ ಸುಧಾರಿಸಿಕೊಳ್ಳುತ್ತದೆ. ಹೆಚ್ಚಿನ ಮಕ್ಕಳಲ್ಲಿ ಇದು ಮೂರೂವರೆ ವರ್ಷದ ಹೊತ್ತಿಗೆ ತಾನಾಗಿ ಹೋಗುತ್ತದೆ. ನಾಲ್ಕಾದರೂ ಹೋಗದಿದ್ದರೆ ತೋರಿಸಿ. ರ ಇನ್ನೂ ತಡ, ನಾಲಿಗೆಯ ತುದಿ ಅದುರಬೇಕಲ್ಲ. ನಾಲ್ಕು ದಾಟಿದ ಮಕ್ಕಳೂ ಲ ಅನ್ನುವುದು ಮಾಮೂಲಿ. ಕೃಷ್ಣ ಅಂತೂ ಬಿಟ್ಟುಬಿಡಿ, ಎಷ್ಟೋ ದೊಡ್ಡವರ ಬಾಯಲ್ಲೇ ಅದು ಕ್ರಿಷ್ನ.

ನಿಮ್ಮ ಮಗ ಅಜ್ಜಿಗೆ "ತಾಲು ಅಲ್ಲ, ತಾಲು" ಅಂದದ್ದು ಓದಿ ನನಗೆ ಬಹಳ ಖುಷಿ ಆಯಿತು. 1960ರಲ್ಲಿ ಅಮೆರಿಕದ ಜೀನ್ ಬರ್ಕೊ ಮತ್ತು ರೋಜರ್ ಬ್ರೌನ್ ಇದೇ ರೀತಿಯ ಒಂದು ಮಗುವಿನ ಬಗ್ಗೆ ಬರೆದಿದ್ದರು. ಅದರ ಹತ್ತಿರ ಪ್ಲಾಸ್ಟಿಕ್ ಮೀನು ಇತ್ತು, ಫಿಶ್ ಅನ್ನಲಿಕ್ಕೆ ಬಾರದೆ "ಫಿಸ್" ಅನ್ನುತ್ತಿತ್ತು. ದೊಡ್ಡವರು "ಇದು ನಿನ್ನ ಫಿಸ್ಸಾ?" ಅಂತ ಕೇಳಿದರೆ ಒಪ್ಪಲಿಲ್ಲ. "ನಿನ್ನ ಫಿಶ್ಶಾ?" ಅಂದಾಗ "ಹೌದು, ನನ್ನ ಫಿಸ್" ಅಂತು. ಅಂದರೆ ಸರಿಯಾದದ್ದು ಯಾವುದು ಅಂತ ಮಗುವಿನ ಕಿವಿಗೆ ಗೊತ್ತು, ನಾಲಿಗೆ ಇನ್ನೂ ಅಲ್ಲಿಗೆ ಮುಟ್ಟಿಲ್ಲ. ಅಂಥ ಮಗುವಿನ ಹತ್ತಿರ "ತಾಲು" ಅಂದರೆ ಅದು ಅಣಕ ಅಂತಲೇ ತಿಳಿಯುತ್ತದೆ. ಸಿಟ್ಟು ಬಾರದೆ ಇರುತ್ತದಾ?

ಮಾಡಬೇಕಾದ್ದು ಇಷ್ಟೇ. ಅವನು "ತಾಲು ಬಂತು" ಅಂದರೆ ನೀವು "ಹೌದು, ಕಾರು ಬಂತು, ಕೆಂಪು ಕಾರು" ಅಂದುಬಿಡಿ. "ಹೇಳು ನೋಡುವ" ಅನ್ನಬೇಡಿ. ಇನ್ನೊಮ್ಮೆ ಹೇಳಿಸಲೂ ಬೇಡಿ. ಕೇಳಿದ್ದಕ್ಕೆ ಉತ್ತರ ಕೊಟ್ಟು ಮಾತು ಮುಂದುವರಿಸಿ. ನಗು ಬಂದರೆ ನಗಿ, ಆದರೆ ಅವನ ಹತ್ತಿರ ಮತ್ತೆ ಮತ್ತೆ ಹೇಳಿಸಿ ನಗುವುದು ಬೇಡ.

ಒಂದು ಲೆಕ್ಕ ನೆನಪಿಡಿ. ಮನೆಯವರಿಗೆ ಹೇಗೂ ಅರ್ಥ ಆಗುತ್ತದೆ, ಹೊರಗಿನವರಿಗೆ ಎಷ್ಟು ಅರ್ಥ ಆಗುತ್ತದೆ ಅನ್ನುವುದು ಮುಖ್ಯ. ಮೂರು ವರ್ಷಕ್ಕೆ ಸುಮಾರು ಮುಕ್ಕಾಲು ಭಾಗ, ನಾಲ್ಕಕ್ಕೆ ಹೆಚ್ಚುಕಮ್ಮಿ ಪೂರ್ತಿ ಅರ್ಥ ಆಗಬೇಕು. ಮೂರಾದರೂ ಅರ್ಧದಷ್ಟೂ ತಿಳಿಯದಿದ್ದರೆ ಕಾಯಬೇಡಿ. ಅದಕ್ಕೂ ಮೊದಲು ಕಿವಿ ಒಮ್ಮೆ ತೋರಿಸಿ. ನಮ್ಮ ಮಳೆಗಾಲದಲ್ಲಿ ಮಕ್ಕಳಿಗೆ ಶೀತ ಬಿಡುವುದಿಲ್ಲ. ಕಿವಿಯ ಪರದೆಯ ಹಿಂದೆ ನೀರು ನಿಂತರೆ ನೋವೇ ಇಲ್ಲದೆ ಮಂದ ಕೇಳಿಸುವುದುಂಟು. ಮಂಗಳೂರು, ಮಣಿಪಾಲ ಎರಡೂ ಕಡೆ ವಾಕ್ ಶ್ರವಣ ವಿಭಾಗ ಇರುವ ಕಾಲೇಜುಗಳಿವೆ. ಮೈಸೂರಿಗೆ, 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ, ಇಷ್ಟಕ್ಕೇ ಓಡಬೇಕಾಗಿಲ್ಲ.

ಮೈದುನನ ವಿಡಿಯೋ ಡಿಲೀಟ್ ಮಾಡಿಸಬೇಡಿ. ಗ್ರೂಪಿನಿಂದ ತೆಗೆಯಲಿ, ನೀವು ಇಟ್ಟುಕೊಳ್ಳಿ. ನಮ್ಮಲ್ಲಿಗೆ ಬಂದ ಮಕ್ಕಳು ಹೊಸ ಮುಖ ನೋಡಿ ತುಟಿಯೇ ಬಿಚ್ಚುವುದಿಲ್ಲ. ಆಗ ಅದು ಉಪಯೋಗಕ್ಕೆ ಬರುತ್ತದೆ.

ಸುರತ್ಕಲ್ ಮಾವ:

ತಂಗಿಯ ಮಗಳು ಗಡ್‌ಬಡ್ ಐಸ್‌ಕ್ರೀಮಿಗೆ "ಗಬ್ಬಲ್" ಅನ್ನುತ್ತಿದ್ದಳು. ಈಗ ಪಿಯುಸಿ. ಮನೆಯಲ್ಲಿ ಇವತ್ತಿಗೂ ಎಲ್ಲರೂ "ಗಬ್ಬಲ್ ತಿನ್ನುವನಾ" ಅಂತಲೇ ಕೇಳುವುದು, ಅವಳೇ ಮೊದಲು ಕೇಳುವುದು. ಅದೇ ಹುಡುಗಿ ತನ್ನ ಹೆಸರನ್ನು ತಪ್ಪಾಗಿ ಹೇಳುತ್ತಿದ್ದದ್ದನ್ನು ಯಾರಾದರೂ ನೆನಪಿಸಿದರೆ ಎದ್ದು ಒಳಗೆ ಹೋಗುತ್ತಾಳೆ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಅಂತ ಅವಳೇ ತೀರ್ಮಾನ ಮಾಡಿದ್ದಾಳೆ. ನಿಮ್ಮ ಮಗನೂ "ಅದು" ಅಂತ ಬೆರಳು ತೋರಿಸಿ ತೀರ್ಮಾನ ಹೇಳಿ ಆಗಿದೆ ಅಲ್ವಾ?

ಕಂಕನಾಡಿಯವ:

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಮನೆಯಲ್ಲಿ ಕೊಂಕಣಿ, ಕೆಲಸಕ್ಕೆ ಬರುವ ಅಕ್ಕನ ಹತ್ತಿರ ತುಳು, ಅಂಗನವಾಡಿಯಲ್ಲಿ ಕನ್ನಡ. ಇಷ್ಟೊಂದು ಭಾಷೆ ಬಿದ್ದು ಮಗಳ ನಾಲಿಗೆ ಗೊಂದಲ ಆಗಿದೆ, ಒಂದೇ ಭಾಷೆ ಇಟ್ಟುಕೊಳ್ಳಿ ಅಂತ ನೆಂಟರು ಹೇಳುತ್ತಾರೆ. ನಿಜವಾ?

ಸ್ಪೀಚ್ ಥೆರಪಿಸ್ಟ್, ಮಂಗಳೂರು:

ಯಾವುದನ್ನೂ ಬಿಡಿಸಬೇಡಿ. ಹೆಚ್ಚು ಭಾಷೆ ಕೇಳಿದ್ದಕ್ಕೆ ಮಾತಿನ ತೊಂದರೆ ಬರುವುದಿಲ್ಲ. ಒಂದೇ ವಾಕ್ಯದಲ್ಲಿ ಮೂರು ಭಾಷೆ ಬೆರೆಸಿದರೂ ಚಿಂತೆ ಇಲ್ಲ, ಕಂಕನಾಡಿ ಮಾರ್ಕೆಟಿನಲ್ಲಿ ನಾವು ದೊಡ್ಡವರು ಮಾಡುವುದೂ ಅದನ್ನೇ. ಪದಗಳ ಲೆಕ್ಕ ಹಾಕುವಾಗ ಎಲ್ಲ ಭಾಷೆಯದ್ದೂ ಸೇರಿಸಿ ಹಾಕಿ. ಬರೀ ಕನ್ನಡದ್ದನ್ನು ಎಣಿಸಿ ಕಮ್ಮಿ ಅನ್ನಬೇಡಿ.

ಸಂತೆಕಟ್ಟೆಯ ಅಮ್ಮ:

ಎಲ್ಲರಿಗೂ ಥ್ಯಾಂಕ್ಸ್. ಇವರಿಗೆ ಓದಿ ಹೇಳಿದೆ. "ಬಾಯಿ ನೋಡಿದರೆ ಕಾಣುವುದಿಲ್ಲ" ಅಂದದ್ದು ತಾಗಿತು, ಕಾ ಕಾ ಕ್ಲಾಸು ಬಂದ್ ಆಗಿದೆ. ಅತ್ತೆಗೆ ಇನ್ನೂ ಒಪ್ಪಿಗೆ ಇಲ್ಲ. ಹೆಬ್ರಿ ಅಜ್ಜಿಯ ಪಕ್ಷ ಅವರು, ಬಜೆ ಹುಡುಕಿ ತಂದಿದ್ದಾರೆ, ಅದನ್ನು ನಾನು ಅಡಗಿಸಿ ಇಟ್ಟಿದ್ದೇನೆ. ಮೈದುನ "ಇಷ್ಟಕ್ಕೆಲ್ಲ ಊರಿಗೆ ಹೇಳುವುದಾ" ಅಂತ ಮುಖ ಊದಿಸಿಕೊಂಡಿದ್ದಾನೆ. ವಿಡಿಯೋ ಮಾತ್ರ ಗ್ರೂಪಿನಿಂದ ತೆಗೆದ. ಸೋಮವಾರ ಕಿವಿ ತೋರಿಸಬೇಕು ಅಂತ ಇದ್ದೇವೆ. ಆದರೆ ನಿನ್ನೆಯಿಂದ ಮಗನಿಗೆ ಶೀತ. ಈಗಲೇ ಹೋಗಬಹುದಾ, ಗುಣ ಆದ ಮೇಲಾ?

ಸ್ಪೀಚ್ ಥೆರಪಿಸ್ಟ್, ಮಂಗಳೂರು:

ಹೋಗಿ. ಶೀತ ಇರುವುದನ್ನು ಮೊದಲೇ ಹೇಳಿ. ಒಳಗೆ ನೀರು ಕಂಡರೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ಟೆಸ್ಟ್ ಮಾಡಲು ಹೇಳಬಹುದು, ಅದಕ್ಕೆ ಹೆದರಬೇಡಿ. ಟೆಸ್ಟಿಗೆ ಕಿವಿಗೆ ಹೆಡ್‌ಫೋನ್ ಇಡುತ್ತಾರೆ. ಮನೆಯಲ್ಲೇ ಒಂದೆರಡು ಸಲ ಹಾಕಿ ಅಭ್ಯಾಸ ಮಾಡಿಸಿದರೆ ಅಲ್ಲಿ ರಂಪ ಮಾಡುವುದಿಲ್ಲ.