ಗಣಿ ಮುಚ್ಚಿದ ಊರಿಗೆ ದುಡ್ಡು ಎಲ್ಲಿಂದ ಬರಬೇಕು?

ಮಾರಿಕುಪ್ಪಂನವ: ಬಳ್ಳಾರಿ, ಸಂಡೂರು ಕಡೆ ಗಣಿ ನಿಧಿಯಲ್ಲಿ ರಸ್ತೆ, ಶಾಲೆ, ಆಸ್ಪತ್ರೆ ಕಟ್ಟುತ್ತಿದ್ದಾರೆ. ನಮ್ಮ ಕೆಜಿಎಫ್ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. 120 ವರ್ಷ ಚಿನ್ನ ಕೊಟ್ಟ ಊರಿಗೆ ಅಂಥ ನಿಧಿ ಯಾಕಿಲ್ಲ? ಬೆಳಗಿನ ಜಾವ ನಮ್ಮ ಸ್ಟೇಷನ್ನಿಗೆ ಬನ್ನಿ. ಬೆಂಗಳೂರಿಗೆ ಕೆಲಸಕ್ಕೆ ಹೋಗುವವರಿಂದ ಟ್ರೈನ್ ಗಿಜಿಗುಡುತ್ತಿರುತ್ತದೆ. ರಾತ್ರಿ ಬಂದು ಲೈನ್ ಮನೆಯಲ್ಲಿ, ಅಂದರೆ ಗಣಿ ಕಾರ್ಮಿಕರಿಗೆ ಕಟ್ಟಿದ ಸಾಲು ಮನೆಯಲ್ಲಿ, ಮಲಗುವುದು, ಅಷ್ಟೇ.

ಲೆಕ್ಕದ ಮೇಷ್ಟ್ರು: ಡಿಎಂಎಫ್, ಅಂದರೆ ಜಿಲ್ಲಾ ಖನಿಜ ಪ್ರತಿಷ್ಠಾನ, ಕಾಯ್ದೆಗೆ ಬಂದದ್ದು 2015ರಲ್ಲಿ. ಗಣಿಯವರು ಸರ್ಕಾರಕ್ಕೆ ಕಟ್ಟುವ ರಾಜಧನದ ಜೊತೆಗೆ ಅದರ ಒಂದು ಪಾಲನ್ನು ಈ ನಿಧಿಗೂ ಕಟ್ಟಬೇಕು. ಹಳೆಯ ಗುತ್ತಿಗೆಗೆ ರಾಜಧನದ ಶೇ 30, ಹರಾಜಿನಲ್ಲಿ ಹಿಡಿದದ್ದಕ್ಕೆ ಶೇ 10. ಗಣಿ ನಡೆದರೆ ಮಾತ್ರ ದುಡ್ಡು. ನಿಮ್ಮದು 14 ವರ್ಷ ಮೊದಲೇ ನಿಂತಿತ್ತಲ್ಲ.

ಮಾರಿಕುಪ್ಪಂನವ: ಚೆನ್ನಾಗಿದೆ ಮೇಷ್ಟ್ರೇ! ಕೆಲಸ ಇರುವ ಊರಿಗೆ ನಿಧಿ, ಕೆಲಸ ಹೋದ ಊರಿಗೆ ಏನೂ ಇಲ್ಲ.

ಸಂಡೂರಿನ ಅಕ್ಕ: ನಾವೇನು ಹಾಲು ತುಪ್ಪ ಉಣ್ಣುತ್ತಿದ್ದೇವೆ ಅಂದುಕೊಂಡಿರಾ? 2011ರಲ್ಲಿ ಸುಪ್ರೀಂ ಕೋರ್ಟ್ ನಮ್ಮ ಕಡೆಯ ಕಬ್ಬಿಣದ ಅದಿರಿನ ಗಣಿ ನಿಲ್ಲಿಸಿತು. ಆಮೇಲೆ ಅದಿರು ಮಾರಿದ ಹಣದಲ್ಲಿ ಪಾಲು ತೆಗೆದಿಟ್ಟು, ಗಣಿ ಪರಿಸರ ಪುನಶ್ಚೇತನಕ್ಕೆ ಅಂತ 2014ರಲ್ಲಿ ನಿಗಮ ಮಾಡಿದರು. ಸಾವಿರಾರು ಕೋಟಿ ಸುಮ್ನೆ ಬಿದ್ದಿತ್ತು. ದೊಡ್ಡ ಯೋಜನೆಗೆ ಕೋರ್ಟ್ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ! ಅಷ್ಟರಲ್ಲಿ ನಮ್ಮ ಊರಿನ ಹುಡುಗರು ಬೆಂಗಳೂರು ಸೇರಿಯಾಗಿತ್ತು. ಲಾರಿ ಓಡಾಡಿದರೆ ನಮ್ಮ ಮೆಣಸಿನ ಗಿಡದ ಮೇಲೆ ಕೆಂಪು ಧೂಳು ಕೂರುತ್ತದೆ. ಧೂಳು ಹಿಡಿದ ಕಾಯಿಗೆ ಮಂಡಿಯಲ್ಲಿ ಬೆಲೆ ಇಳಿಸುತ್ತಾರೆ. ಅದಕ್ಕೆ ಯಾವ ನಿಧಿ? ನಮ್ಮೂರಿಗೆ ಬಂದದ್ದು ಕಾಂಪೌಂಡ್ ಗೋಡೆ, ಸಮುದಾಯ ಭವನ.

ಬಾರ್ನ್ಸ್‌ಲಿ ಕನ್ನಡಿಗ: ಇಲ್ಲಿ ಇಂಗ್ಲೆಂಡಿನಲ್ಲಿ ಕಲ್ಲಿದ್ದಲು ಗಣಿ ಮುಚ್ಚಿದ ಊರುಗಳಿಗೆ ಅಂತಲೇ 1999ರಲ್ಲಿ ಕೋಲ್‌ಫೀಲ್ಡ್ಸ್ ರೀಜನರೇಷನ್ ಟ್ರಸ್ಟ್ ಶುರುವಾಯಿತು. ಮೊದಮೊದಲು ಸರ್ಕಾರದ ಅನುದಾನ. ಅದು ನಿಲ್ಲುವ ಹೊತ್ತಿಗೆ ಸಣ್ಣ ಕೈಗಾರಿಕೆಗಳಿಗೆ ಶೆಡ್ ಕಟ್ಟಿ ಬಾಡಿಗೆಗೆ ಬಿಡುವ ದಾರಿ ಹಿಡಿದರು. ಆ ಬಾಡಿಗೆಯಿಂದ ಊರಿನ ಸಂಘಗಳಿಗೆ ಸಹಾಯ. ಹಾಗಂತ ಇಲ್ಲಿ ಬಡತನ ಹೋಯಿತು ಅಂತಲ್ಲ. ಆದರೆ ವರ್ಷ ವರ್ಷ ಮಂತ್ರಿ ಮುಂದೆ ಕೈ ಚಾಚುವುದು ಕಡಿಮೆಯಾಯಿತು. ಕೆಜಿಎಫ್‌ನಲ್ಲಿ ಜಾಗ ಬೇಕಾದಷ್ಟಿದೆ ಅಲ್ವಾ?

ಮಾರಿಕುಪ್ಪಂನವ: ಜಾಗ ಇದೆ, ಇರುವುದು ಗಣಿ ನಡೆಸುತ್ತಿದ್ದ ಕೇಂದ್ರದ ಕಂಪನಿ ಬಿಜಿಎಂಎಲ್ ಕೈಯಲ್ಲಿ. ತಾತನ ಕಾಲದಿಂದ ಇರುವ ಲೈನ್ ಮನೆಯ ಹಕ್ಕುಪತ್ರಕ್ಕೇ ಜನ ಓಡಾಡುತ್ತಿದ್ದಾರೆ. ಶೆಡ್ ಎಲ್ಲಿ ಕಟ್ಟಲಿ ಸ್ವಾಮಿ?

ಆಂಡರ್ಸನ್‌ಪೇಟೆ: ನಮ್ಮ ಕೆಜಿಎಫ್‌ನ ಸೈನೈಡ್ ದಿಬ್ಬ, ಅಂದರೆ ಚಿನ್ನ ತೆಗೆದು ಉಳಿದ ಮಣ್ಣಿನ ಗುಡ್ಡೆ, ಮರೆತಿರಾ? 13 ದಿಬ್ಬಗಳ ಮಣ್ಣಿನಿಂದ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿದೆ. ಗಾಳಿ ಎದ್ದರೆ ಆ ಪುಡಿ ಬಂದು ಕೂರುವುದು ನಮ್ಮ ನೀರಿನ ಕೊಡದ ಮೇಲೆ. ಈಗ ಅದನ್ನೇ ಮಾರುತ್ತಾರೆ ಅಂದರೆ ಪಾಲು ಕೇಳಲು ಇದೇ ಸಮಯ.

ಲೆಕ್ಕದ ಮೇಷ್ಟ್ರು: ಸರಿಯಾದ ಮಾತು. ಆದರೆ ಪಾಲು ಎಷ್ಟು, ಯಾವ ಖಾತೆಗೆ ಅಂತ ಟೆಂಡರ್ ಕರೆಯುವ ಮೊದಲೇ ಬರೆಸಿಕೊಳ್ಳಬೇಕು. ಡಿಎಂಎಫ್ ನಿಯಮದಲ್ಲಿ ಸ್ವಲ್ಪ ಹಣವನ್ನು ಇಡುಗಂಟಾಗಿ ಉಳಿಸಲೂ ಅವಕಾಶ ಇದೆ. ಸಂಡೂರಿನವರೂ ಅದಿರು ಇರುವಾಗಲೇ ಅದನ್ನು ಕೇಳಲಿ.

ಸಂಡೂರಿನ ಅಕ್ಕ: ಕೇಳುವುದು ಯಾರನ್ನ? ಸಮಿತಿಯಲ್ಲಿ ಡಿಸಿ, ಶಾಸಕರು, ಅಧಿಕಾರಿಗಳು. ಗ್ರಾಮಸಭೆಯಲ್ಲಿ ನಾವು ಆಸ್ಪತ್ರೆಗೆ ಡಾಕ್ಟರ್ ಬೇಕು ಅಂತ ಬರೆಸಿದೆವು. ಪಟ್ಟಿ ವಾಪಸ್ ಬಂದಾಗ ಅದರಲ್ಲಿ ಹೈಮಾಸ್ಟ್ ದೀಪ ಇತ್ತು.

ಆಂಡರ್ಸನ್‌ಪೇಟೆ: ಅಕ್ಕ, ನಮಗೆ ಆ ಪಟ್ಟಿಯೂ ಇಲ್ಲ.